ಹಬ್ಬದ ದಿನಕ್ಕೂ ಬೇಕು ಅನಿತ್ಯ ಭಾವನೆ

ಮದುವೆಯ ಮರುದಿನ ಬೆಳಿಗ್ಗೆ ಮನೆಯ ಅಂಗಳವನ್ನು ಗಮನಿಸಿದವರಿಗೆ ಅನಿತ್ಯವೆಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಹಿಂದಿನ ದಿನ ಬಾಗಿಲಿಗೆ ಕಳೆ ತಂದಿದ್ದ ಮಾವಿನ ತೋರಣ ಬಾಡಿ ಸುರುಳಿಗಟ್ಟಿರುತ್ತದೆ. ಆಳುಗಳು ಚಪ್ಪರದ ಕಂಬಗಳನ್ನು ಒಂದೊಂದಾಗಿ ಕೀಳುತ್ತಿರುತ್ತಾರೆ. ಅಂಗಳದ ರಂಗೋಲಿ ನೂರಾರು ಕಾಲುಗಳಡಿ ಅಳಿಸಿಹೋಗಿರುತ್ತದೆ. ಮದುಮಗಳ ತಾಯಿ ಅಡುಗೆಮನೆಯ ಹೊಸ್ತಿಲ ಬಳಿ ಕುಳಿತು, ಧಾರೆಯ ಹೊತ್ತಿನಲ್ಲಿ ಮಗಳ ಮುಖ ಹೇಗಿತ್ತೆಂದು ನೆನೆಯಲು ಯತ್ನಿಸುತ್ತಾಳೆ. ನೆನಪಿಗೆ ಬರುವುದು ಉಗ್ರಾಣದ ಬೀಗದ ಕೈ, ಬೀಗರ ಉಪಚಾರ, ಛಾಯಾಗ್ರಾಹಕನ ಅವಸರ. ಎರಡು ವರ್ಷ ಹಗಲಿರುಳು ಕಾದಿದ್ದ ಆ ಗಳಿಗೆ ಕಣ್ಣೆದುರಿಗೇ ಬಂದುಹೋಗಿದೆ. ಆದರೆ ಅವಳು ಅದನ್ನು ಕಂಡಿಲ್ಲ. ಮಗಳ ಮುಖವನ್ನು ನೋಡಲು ಆಲ್ಬಂ ಬರುವವರೆಗೆ ಕಾಯಬೇಕು.

ಇದು ಒಬ್ಬ ತಾಯಿಯ ಕಥೆಯಲ್ಲ. ಮಗುವಿನ ನಾಮಕರಣ, ಪರೀಕ್ಷೆಯ ಫಲಿತಾಂಶ, ಮೊದಲ ಸಂಬಳ, ಗೃಹಪ್ರವೇಶ, ಷಷ್ಟ್ಯಬ್ದಿ, ನಿವೃತ್ತಿಯ ಬೀಳ್ಕೊಡುಗೆ ಇವೆಲ್ಲವೂ ಮನುಷ್ಯನು ತನ್ನ ಬಾಳಿನ ದಾರಿಯಲ್ಲಿ ತಾನೇ ನೆಟ್ಟುಕೊಂಡ ಮೈಲಿಗಲ್ಲುಗಳು. ಪ್ರತಿಯೊಂದನ್ನೂ ವರ್ಷಗಟ್ಟಲೆ ನಿರೀಕ್ಷಿಸುತ್ತಾನೆ, ಗಳಿಗೆಯಲ್ಲಿ ದಾಟಿಬಿಡುತ್ತಾನೆ, ಉಳಿದ ವರ್ಷಗಳನ್ನು ಹಿಂದಿರುಗಿ ನೋಡುವುದರಲ್ಲಿ ಕಳೆಯುತ್ತಾನೆ. ಜೈನಾಚಾರ್ಯರು ಆರ್ತಧ್ಯಾನವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಬೇಡವಾದುದು ಬಂದೊದಗಿದಾಗಿನ ಕಳವಳ, ಬೇಕಾದುದು ಅಗಲಿದಾಗಿನ ಕೊರಗು, ದೇಹದ ವೇದನೆಯ ಚಿಂತೆ ಮತ್ತು ಮುಂದೆ ದೊರೆಯಬೇಕಾದ ಭೋಗಕ್ಕಾಗಿ ಹಂಬಲಿಸುವ ನಿದಾನ. ಶುಭದಿನವೊಂದು ಬರುವ ಮುನ್ನ ಮನಸ್ಸು ನಿದಾನದಲ್ಲಿರುತ್ತದೆ; ಅದು ಕಳೆದ ಮೇಲೆ ಇಷ್ಟವಿಯೋಗದಲ್ಲಿರುತ್ತದೆ. ಈ ಎರಡು ಆರ್ತಧ್ಯಾನಗಳ ನಡುವೆ ಶುಭದಿನವೇ ಕಾಣೆಯಾಗುತ್ತದೆ.

ಇದಕ್ಕೆ ಔಷಧವಾಗಿ ಜಿನಶಾಸನವು ಕೊಟ್ಟಿರುವುದು ಅನುಪ್ರೇಕ್ಷೆ, ಅಂದರೆ ಮತ್ತೆ ಮತ್ತೆ ಆಳವಾಗಿ ನೋಡುವುದು. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದೇ ಅನಿತ್ಯಾನುಪ್ರೇಕ್ಷೆ. ಆದರೆ ರೂಢಿಯಲ್ಲಿ ಈ ಭಾವನೆಗೆ ಒಂದು ವಿಚಿತ್ರ ಸ್ಥಿತಿ ಒದಗಿದೆ. ಸಾವಾದ ಮನೆಯಲ್ಲಿ ಮಾತ್ರ ಅದರ ಮಾತು ಕೇಳಿಬರುತ್ತದೆ. ಮದುವೆಯ ಮನೆಯಲ್ಲಿ ಯಾರಾದರೂ ಅನಿತ್ಯದ ಮಾತೆತ್ತಿದರೆ ಅದು ಅಪಶಕುನವೆನಿಸುತ್ತದೆ. ದುಃಖದ ದಿನದಂದು ಅನಿತ್ಯವು ಸಮಾಧಾನದ ಮಾತು ಮಾತ್ರ. ಕಳೆದುಕೊಂಡವನಿಗೆ ಅದನ್ನು ಒಪ್ಪದೆ ಬೇರೆ ದಾರಿಯಿಲ್ಲ. ಕೈತುಂಬ ಇರುವಾಗ ಅದನ್ನು ಕಂಡುಕೊಂಡವನಿಗೆ ಮಾತ್ರ ಅದು ದರ್ಶನವಾಗುತ್ತದೆ. ಆದ್ದರಿಂದ ಅನಿತ್ಯ ಭಾವನೆಗೆ ನಿಜವಾದ ಕಾಲ ಸಂತೋಷದ ದಿನವೇ.

ಈ ಮಾತಿಗೆ ಆದಿತೀರ್ಥಂಕರನ ಚರಿತೆಯೇ ಸಾಕ್ಷಿ. ಜಿನಸೇನಾಚಾರ್ಯರು ಸಂಸ್ಕೃತದಲ್ಲಿಯೂ 941ರಲ್ಲಿ ಪಂಪ ಮಹಾಕವಿ ಕನ್ನಡದಲ್ಲಿಯೂ ಹಾಡಿದ ಆದಿಪುರಾಣದ ನೀಲಾಂಜನೆಯ ಪ್ರಸಂಗವನ್ನು ಅರಿಯದ ಶ್ರಾವಕರಿಲ್ಲ. ವೃಷಭಸ್ವಾಮಿಗೆ ವೈರಾಗ್ಯದ ಕಾಲ ಸಮೀಪಿಸಿದುದನ್ನು ಅರಿತ ದೇವೇಂದ್ರನು, ಆಯುಷ್ಯ ಮುಗಿಯುತ್ತ ಬಂದಿದ್ದ ನೀಲಾಂಜನೆಯನ್ನು ಸ್ವಾಮಿಯ ಆಸ್ಥಾನದಲ್ಲಿ ನರ್ತಿಸಲು ನಿಯೋಜಿಸುತ್ತಾನೆ. ನೃತ್ಯದ ನಡುವೆಯೇ ಅವಳು ಮಿಂಚಿನಂತೆ ಮರೆಯಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರನು ಆ ಕ್ಷಣವೇ ಅವಳಂತೆಯೇ ಇರುವ ಮತ್ತೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ತಾಳ ತಪ್ಪುವುದಿಲ್ಲ, ಹೆಜ್ಜೆ ನಿಲ್ಲುವುದಿಲ್ಲ. ಸಭೆಯೆಲ್ಲ ಅದೇ ನೃತ್ಯವೆಂದು ತಿಳಿದು ತಲೆದೂಗುತ್ತಲೇ ಇರುತ್ತದೆ. ವೃಷಭಸ್ವಾಮಿಯೊಬ್ಬನೇ ವ್ಯತ್ಯಾಸವನ್ನು ಕಾಣುತ್ತಾನೆ.

ಈ ಪ್ರಸಂಗವನ್ನು ಕೇಳುವವರು ಸಾಮಾನ್ಯವಾಗಿ ನರ್ತಕಿಯ ಅಳಿವಿನ ಮೇಲೆ ಮನಸ್ಸಿಡುತ್ತಾರೆ. ಸಭೆಯ ಮೇಲೂ ಒಂದಿಷ್ಟು ಮನಸ್ಸಿಡಬೇಕು. ಅಲ್ಲಿ ಕುಳಿತಿದ್ದವರಿಗೆಲ್ಲ ಕಣ್ಣುಗಳಿದ್ದವು. ಎಲ್ಲರೂ ಒಂದೇ ರಂಗವನ್ನು ನೋಡುತ್ತಿದ್ದರು. ಆದರೂ ಅವರಿಗೆ ಕಂಡದ್ದು ಮುಂದುವರಿಯುತ್ತಿದ್ದ ಸೊಗಸು ಮಾತ್ರ. ಇಂದ್ರನು ಅಂದು ಮಾಡಿದ ಕೆಲಸವನ್ನು ಇಂದು ಜೇಬಿನಲ್ಲಿರುವ ಮೊಬೈಲು ಮಾಡುತ್ತಿದೆ. ಕ್ಷಣವೊಂದು ಅಳಿದೊಡನೆ ಅದರಂತೆಯೇ ಇರುವ ಪ್ರತಿರೂಪವೊಂದು ಪರದೆಯ ಮೇಲೆ ಬಂದು ನಿಲ್ಲುತ್ತದೆ. ಏನೂ ಕಳೆದಿಲ್ಲ, ಎಲ್ಲವೂ ಉಳಿದಿದೆ ಎಂಬ ಭ್ರಾಂತಿಯಲ್ಲಿ ಸಭೆ ತಲೆದೂಗುತ್ತದೆ. ಚಿತ್ರ ತೆಗೆಯುವುದು ಪಾಪವೆಂದು ಯಾರೂ ಹೇಳಬೇಕಿಲ್ಲ. ಆದರೆ ಉಳಿಸಿಕೊಳ್ಳುವ ಆತುರದಲ್ಲಿ ನೋಡುವುದನ್ನೇ ಬಿಟ್ಟವನು ಕ್ಷಣವನ್ನು ಎರಡು ಬಾರಿ ಕಳೆದುಕೊಳ್ಳುತ್ತಾನೆ.

ವೃಷಭಸ್ವಾಮಿಯ ಹಿರಿಯ ಮಗ ಭರತ ಚಕ್ರವರ್ತಿಯ ಬದುಕು ಈ ವಿಷಯದಲ್ಲಿ ಗೃಹಸ್ಥರಿಗೆ ಇನ್ನೂ ಹತ್ತಿರದ ಪಾಠ. ಒಂದೇ ಸಮಯದಲ್ಲಿ ಅವನಿಗೆ ಮೂರು ಶುಭವಾರ್ತೆಗಳು ಬಂದವೆಂದು ಪುರಾಣ ಹೇಳುತ್ತದೆ. ಮಗ ಹುಟ್ಟಿದ್ದಾನೆ, ಆಯುಧಶಾಲೆಯಲ್ಲಿ ಚಕ್ರರತ್ನ ಉದಿಸಿದೆ, ತಂದೆಗೆ ಕೇವಲಜ್ಞಾನ ಉಂಟಾಗಿದೆ. ಮನುಷ್ಯನೊಬ್ಬನು ಬಾಳಿನಲ್ಲಿ ಬಯಸಬಹುದಾದ ಸಂತಾನ, ಅಧಿಕಾರ, ಧರ್ಮ ಮೂರೂ ಒಮ್ಮೆಗೇ ಬಾಗಿಲು ತಟ್ಟಿದ ಗಳಿಗೆಯದು. ಯಾವುದನ್ನು ಮೊದಲು ಸಂಭ್ರಮಿಸಬೇಕು? ಭರತನು ಕ್ಷಣಕಾಲ ಯೋಚಿಸಿ, ಮೊದಲು ತಂದೆಯ ಸಮವಸರಣಕ್ಕೆ ಪೂಜೆಗೆಂದು ಹೊರಟನು. ಉಳಿದೆರಡು ಸಂತೋಷಗಳನ್ನು ಅವನು ತಿರಸ್ಕರಿಸಲಿಲ್ಲ. ಚಕ್ರವನ್ನೂ ಪೂಜಿಸಿದನು, ಪುತ್ರೋತ್ಸವವನ್ನೂ ಮಾಡಿದನು. ಆದರೆ ಕ್ರಮ ತಪ್ಪಲಿಲ್ಲ. ಮಗನೂ ಚಕ್ರವೂ ಬಂದುಹೋಗುವಂಥವು, ಕೇವಲಜ್ಞಾನವು ಒಮ್ಮೆ ಬಂದರೆ ಹೋಗದಂಥದು ಎಂಬ ಅರಿವು ಆ ಹೊತ್ತಿಗೆ ಅವನಲ್ಲಿ ಜಾಗೃತವಾಗಿತ್ತು.

ಆ ಅರಿವು ಸದಾ ಹಾಗೆಯೇ ಉಳಿಯಲಿಲ್ಲವೆಂಬುದು ಪುರಾಣದ ಪ್ರಾಮಾಣಿಕತೆ. ದಿಗ್ವಿಜಯದ ಉನ್ನತಿಯಲ್ಲಿ ಭರತನು ವೃಷಭಾಚಲವನ್ನು ಮುಟ್ಟುತ್ತಾನೆ. ಷಟ್ಖಂಡವನ್ನು ಗೆದ್ದವನು ತನ್ನ ಪ್ರಶಸ್ತಿಯನ್ನು ಆ ಗಿರಿಯ ಶಿಲೆಯ ಮೇಲೆ ಬರೆಯುವುದು ವಾಡಿಕೆ. ಕಾಕಿಣೀರತ್ನವನ್ನು ಹಿಡಿದು ನಿಂತ ಭರತನಿಗೆ, ತನ್ನಂಥವನು ಹಿಂದೆ ಯಾವನೂ ಇರಲಿಲ್ಲವೆಂಬ ಹಮ್ಮು. ಆದರೆ ಶಿಲೆಯ ಸಮೀಪಕ್ಕೆ ಹೋಗಿ ನೋಡಿದರೆ ಬರೆಯಲು ಜಾಗವೇ ಇಲ್ಲ! ಗತಿಸಿದ ಸಾವಿರಾರು ಚಕ್ರವರ್ತಿಗಳ ಹೆಸರುಗಳು ಅಲ್ಲಿ ಕಿಕ್ಕಿರಿದಿವೆ. ಪ್ರತಿಯೊಬ್ಬನೂ ತನ್ನ ಕಾಲದಲ್ಲಿ ಇದೇ ಗರ್ವದಿಂದ ಇದೇ ಜಾಗದಲ್ಲಿ ನಿಂತಿದ್ದವನೇ. ಭರತನ ಅಭಿಮಾನ ಕರಗುತ್ತದೆ. ಆದರೂ ಅವನು ಬರೆಯದೆ ಹಿಂದಿರುಗುವುದಿಲ್ಲ. ಯಾರೋ ಒಬ್ಬನ ಹೆಸರನ್ನು ಅಳಿಸಿ ಆ ಜಾಗದಲ್ಲಿ ತನ್ನ ಪ್ರಶಸ್ತಿಯನ್ನು ಬರೆಯುತ್ತಾನೆ.

ಜಗತ್ತಿನ ಎಲ್ಲ ಮೈಲಿಗಲ್ಲುಗಳ ಗುಟ್ಟು ಈ ಒಂದು ಘಟನೆಯಲ್ಲಿ ಅಡಗಿದೆ. ಶಿಲೆಯ ಮೇಲೆ ಹೆಸರು ಮೂಡಿದ ಆ ಗಳಿಗೆಯಲ್ಲಿಯೇ ಅದನ್ನು ಅಳಿಸಲಿರುವ ಕೈಯೂ ನಿಶ್ಚಿತವಾಗುತ್ತದೆ. ಸನ್ಮಾನದ ಶಾಲು ಹೆಗಲಿಗೇರಿದ ದಿನವೇ ಮುಂದಿನ ವರ್ಷದ ಶಾಲಿಗೆ ಬೇರೊಂದು ಹೆಗಲು ಸಿದ್ಧವಾಗುತ್ತಿರುತ್ತದೆ. ನಿವೃತ್ತಿಯ ಬೀಳ್ಕೊಡುಗೆಯಲ್ಲಿ ಹಾರ, ಹೊಗಳಿಕೆ, ಕಣ್ಣೀರು ಎಲ್ಲವನ್ನೂ ಪಡೆದು ಬಂದ ಅಧಿಕಾರಿ ಮರುದಿನ ಎಂದಿನಂತೆ ಬೇಗನೆ ಎದ್ದು, ಸ್ನಾನ ಮಾಡಿ, ಎಲ್ಲಿಗೆ ಹೋಗಬೇಕೆಂದು ತೋಚದೆ ಕುರ್ಚಿಯಲ್ಲಿ ಕೂರುತ್ತಾನೆ. ಅವನ ಕೊಠಡಿಯ ಬಾಗಿಲಲ್ಲಿ ಅಷ್ಟು ಹೊತ್ತಿಗೆ ಬೇರೆಯವರ ನಾಮಫಲಕ ಬಂದಿರುತ್ತದೆ. ಮೂವತ್ತು ವರ್ಷಗಳ ಹಿಂದೆ ತಾನು ಸೇರಿದ ದಿನವೂ ಅಲ್ಲಿ ಯಾರದೋ ಹೆಸರನ್ನು ಕಿತ್ತೇ ತನ್ನ ಹೆಸರನ್ನು ಹಚ್ಚಿದ್ದರೆಂಬುದು ಅವನಿಗೆ ಆಗ ಹೊಳೆದಿರಲಿಲ್ಲ. ಅಂದೇ ಹೊಳೆದಿದ್ದರೆ ಕುರ್ಚಿಯನ್ನು ಸೇವೆಗೆಂದು ಬಳಸುತ್ತಿದ್ದನೇ ಹೊರತು, ಅದನ್ನೇ ತಾನೆಂದು ತಿಳಿಯುತ್ತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಸಹಜ. ಸಂತೋಷದ ಗಳಿಗೆಯಲ್ಲಿಯೇ ಅದರ ಅಳಿವನ್ನು ನೆನೆದರೆ ಸಂತೋಷಕ್ಕೆ ಅರ್ಥವೇನು? ಮಗುವಿನ ಮೊದಲ ಹೆಜ್ಜೆಯನ್ನು ನೋಡುವ ತಾಯಿ ಸಂಸಾರ ಅಸಾರವೆಂದು ನಿಟ್ಟುಸಿರಿಡಬೇಕೆ? ಜೈನದರ್ಶನದ ಉತ್ತರ ಹಾಗಿಲ್ಲ. ಎಲ್ಲವೂ ಶೂನ್ಯ, ಎಲ್ಲವೂ ಮಿಥ್ಯೆ ಎಂದು ಅದು ಬೋಧಿಸುವುದಿಲ್ಲ. ಸತ್ ಎಂಬುದು ಹುಟ್ಟು, ಅಳಿವು, ಸ್ಥಿರತೆ ಈ ಮೂರನ್ನೂ ಒಮ್ಮೆಗೇ ಒಳಗೊಂಡಿದೆಯೆಂದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಪರ್ಯಾಯಗಳು ಹುಟ್ಟಿ ಅಳಿಯುತ್ತವೆ, ದ್ರವ್ಯವು ಉಳಿಯುತ್ತದೆ. ಶೈಶವ, ಯೌವನ, ಮದುವೆ, ಪದವಿ, ಮುಪ್ಪು ಪರ್ಯಾಯಗಳು. ಅವುಗಳನ್ನೆಲ್ಲ ಅರಿಯುತ್ತಿರುವ ಜೀವ ದ್ರವ್ಯ. ಪರ್ಯಾಯವು ಸುಳ್ಳಲ್ಲ. ಅದು ತನ್ನ ಕಾಲದಲ್ಲಿ ಪೂರ್ಣ ಸತ್ಯ. ಅದನ್ನು ದ್ರವ್ಯವೆಂದು ಭ್ರಮಿಸಿ ಹಿಡಿದಿಡಲು ಹೋಗುವುದೇ ಮೋಹ.

ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಕೊಟ್ಟಿರುವ ದೃಷ್ಟಾಂತ ಇದನ್ನು ಎಲ್ಲರಿಗೂ ತಿಳಿಯುವಂತೆ ಬಿಡಿಸಿಡುತ್ತದೆ. ಚಿನ್ನದ ಕಲಶವೊಂದನ್ನು ಕರಗಿಸಿ ಕಿರೀಟ ಮಾಡುತ್ತಾರೆ. ಕಲಶ ಬೇಕೆಂದವನು ಅಳುತ್ತಾನೆ. ಕಿರೀಟ ಬೇಕೆಂದವನು ಹಿಗ್ಗುತ್ತಾನೆ. ಚಿನ್ನವನ್ನು ಕಂಡವನು ಮಧ್ಯಸ್ಥನಾಗಿರುತ್ತಾನೆ. ನಡೆದದ್ದು ಒಂದೇ ಘಟನೆ. ಮದುಮಗಳನ್ನು ಕಳುಹಿಸಿಕೊಡುವ ಹೊತ್ತನ್ನು ಈ ದೃಷ್ಟಿಯಿಂದ ನೋಡಿದರೆ ದೃಷ್ಟಾಂತದ ಜೀವಾಳ ತಿಳಿಯುತ್ತದೆ. ಒಂದು ಮನೆಯಲ್ಲಿ ಕಲಶ ಕರಗುತ್ತಿದೆ, ಇನ್ನೊಂದು ಮನೆಯಲ್ಲಿ ಕಿರೀಟ ಮೂಡುತ್ತಿದೆ. ತಾಯಿಯ ಅಳು ಸುಳ್ಳಲ್ಲ, ಅತ್ತೆಯ ಹಿಗ್ಗೂ ಸುಳ್ಳಲ್ಲ. ಆದರೆ ಆ ಇಬ್ಬರ ನಡುವೆ ನಿಂತಿರುವ ಹುಡುಗಿ ಕಲಶವೂ ಅಲ್ಲ, ಕಿರೀಟವೂ ಅಲ್ಲ. ತನ್ನ ದಾರಿಯಲ್ಲಿ ತಾನೇ ನಡೆಯಬೇಕಾದ ಒಂದು ಜೀವ. ಅವಳನ್ನು ಹಾಗೆ ಕಂಡ ತಾಯಿ ಅಳುತ್ತಲೇ ಹರಸಬಲ್ಲಳು. ಹಾಗೆ ಕಂಡ ಅತ್ತೆ ಅವಳನ್ನು ಮನೆಗೆ ಬಂದ ಸೊತ್ತೆಂದು ಎಣಿಸಲಾರಳು. ಚಿನ್ನವನ್ನು ಕಂಡವನ ಮಾಧ್ಯಸ್ಥ್ಯವು ತಣ್ಣನೆಯ ನಿರ್ಲಿಪ್ತತೆಯಲ್ಲ. ಎದುರಿಗಿರುವವರನ್ನು ತನ್ನ ಬಯಕೆಯ ಆಕಾರದಲ್ಲಿ ನೋಡದೆ, ಅವರನ್ನು ಅವರಾಗಿಯೇ ನೋಡುವ ಪ್ರೀತಿ ಅದು.

ಸಂಭ್ರಮವನ್ನು ಜೈನಧರ್ಮ ನಿಷೇಧಿಸುವುದಿಲ್ಲವೆಂಬುದಕ್ಕೆ ವೃಷಭಸ್ವಾಮಿಯೇ ಮಾದರಿ. ದೀಕ್ಷೆಗೆ ಮುನ್ನ ಅವನು ಮದುವೆಯಾದನು, ರಾಜ್ಯವಾಳಿದನು, ಪ್ರಜೆಗಳಿಗೆ ಅಸಿ, ಮಸಿ, ಕೃಷಿ ಮೊದಲಾದ ವೃತ್ತಿಗಳನ್ನು ಕಲಿಸಿದನು, ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಬೋಧಿಸಿದನು. ತೀರ್ಥಂಕರರ ಬಾಳಿನಲ್ಲಿಯೂ ಗರ್ಭ, ಜನ್ಮ, ದೀಕ್ಷೆ, ಕೇವಲಜ್ಞಾನ, ನಿರ್ವಾಣವೆಂಬ ಪಂಚಕಲ್ಯಾಣಗಳನ್ನು ಗುರುತಿಸಿ ಹಬ್ಬ ಮಾಡುವ ಸಂಪ್ರದಾಯವಿದು. ಆದರೆ ಈ ಐದನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವುಗಳಲ್ಲಿ ವಿವಾಹವಿಲ್ಲ, ಪಟ್ಟಾಭಿಷೇಕವಿಲ್ಲ, ದಿಗ್ವಿಜಯವಿಲ್ಲ. ತೀರ್ಥಂಕರನಾಗುವುದಕ್ಕೆ ಮುನ್ನ ಚಕ್ರವರ್ತಿಯೇ ಆಗಿದ್ದ ಶಾಂತಿನಾಥಸ್ವಾಮಿಯ ವಿಷಯದಲ್ಲಿಯೂ ಚಕ್ರರತ್ನ ಪಡೆದ ದಿನವನ್ನು ಕಲ್ಯಾಣವೆಂದು ಎಣಿಸಿಲ್ಲ. ಪಡೆದದ್ದಕ್ಕಿಂತ ಬಿಟ್ಟದ್ದೂ ಅರಿತದ್ದೂ ಅಲ್ಲಿ ಮೈಲಿಗಲ್ಲು. ಗೃಹಸ್ಥನು ತನ್ನ ಬಾಳಿನ ಪಟ್ಟಿಯನ್ನು ಒಮ್ಮೆ ಹೀಗೆ ಪರಿಶೀಲಿಸಬಹುದು. ಮನೆ ಕಟ್ಟಿದ ವರ್ಷ ಎಲ್ಲರಿಗೂ ನೆನಪಿರುತ್ತದೆ. ಅಣ್ಣತಮ್ಮಂದಿರೊಡನೆ ಹಳೆಯ ವೈರವನ್ನು ಬಿಟ್ಟ ದಿನ, ಚಟವೊಂದನ್ನು ತೊರೆದ ದಿನ, ಮೊದಲ ಅಣುವ್ರತ ಸ್ವೀಕರಿಸಿದ ದಿನ ಎಷ್ಟು ಜನರಿಗೆ ನೆನಪಿದೆ?

ಕ್ಷಣ ಅಳಿದರೂ ಅದರಿಂದ ಏನನ್ನು ಮಾಡಿಕೊಳ್ಳಬಹುದೆಂಬುದಕ್ಕೆ ಕನ್ನಡನಾಡಿನಲ್ಲಿಯೇ ಉಜ್ಜ್ವಲ ಉದಾಹರಣೆಯಿದೆ. ದಾನಚಿಂತಾಮಣಿ ಅತ್ತಿಮಬ್ಬೆಯ ಪತಿ ನಾಗದೇವ ಯುದ್ಧದಲ್ಲಿ ಮಡಿದನು. ಅವನನ್ನೇ ವರಿಸಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಸುಮಂಗಲಿಯ ಬಾಳಿನ ಮೈಲಿಗಲ್ಲುಗಳೆಲ್ಲ ಒಮ್ಮೆಗೇ ಕುಸಿದ ಮನೆಯದು. ಅತ್ತಿಮಬ್ಬೆ ಬದುಕುವುದನ್ನು ಆರಿಸಿಕೊಂಡಳು. ಕಳೆದ ದಿನಗಳ ನೆನಪಿನಲ್ಲಿ ಕೊರಗುತ್ತ ಕೂರಲಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು, 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಸಿದಳು, ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ವೃಷಭಾಚಲದ ಮೇಲೆ ಹೆಸರು ಬರೆಯಲು ಇನ್ನೊಬ್ಬರ ಹೆಸರನ್ನು ಅಳಿಸಬೇಕಾಗುತ್ತದೆ. ಶಾಸ್ತ್ರದಾನಕ್ಕೆ ಯಾರ ಹೆಸರನ್ನೂ ಅಳಿಸಬೇಕಾಗಿಲ್ಲ. ಅವಳ ಹೆಸರು ಸಾವಿರ ವರ್ಷ ಉಳಿದದ್ದು ಅವಳು ಉಳಿಸಲು ಹೊರಟದ್ದು ತನ್ನ ಹೆಸರನ್ನಲ್ಲವೆಂಬ ಕಾರಣಕ್ಕೇ.

ಹಾಗಾದರೆ ಶುಭದಿನದಂದು ಶ್ರಾವಕನು ಮಾಡಬೇಕಾದುದೇನು? ಉತ್ತರವು ‘ಮುಹೂರ್ತ’ ಎಂಬ ಮಾತಿನಲ್ಲಿಯೇ ಇದೆ. ಒಂದು ಮುಹೂರ್ತವೆಂದರೆ ಎರಡು ಗಳಿಗೆ, 48 ನಿಮಿಷ. ಮದುವೆಗೆ, ಗೃಹಪ್ರವೇಶಕ್ಕೆ ಹುಡುಕುವುದೂ ಮುಹೂರ್ತವನ್ನೇ. ಸಾಮಾಯಿಕಕ್ಕೆ ಗೃಹಸ್ಥನು ಕುಳಿತುಕೊಳ್ಳುವ ಅವಧಿಯೂ ವಾಡಿಕೆಯಲ್ಲಿ ಒಂದು ಮುಹೂರ್ತವೇ. ಪಂಚಾಂಗ ನೋಡಿ ಒಳ್ಳೆಯ ಮುಹೂರ್ತವನ್ನು ಹುಡುಕುವ ಮನೆಯವರು, ಅದೇ ದಿನದ ಬೆಳಗಿನಲ್ಲಿ ಸಾಮಾಯಿಕಕ್ಕೆಂದು ಮತ್ತೊಂದು ಮುಹೂರ್ತವನ್ನು ತೆಗೆದಿರಿಸಿದರೆ ಆ ದಿನದ ಸ್ವರೂಪವೇ ಬದಲಾಗುತ್ತದೆ. ಈ ದಿನ ಬಂದಿದೆ, ಸಂಜೆಗೆ ಇರುವುದಿಲ್ಲ. ಇದನ್ನು ಕಾಣುತ್ತಿರುವ ಜೀವ ಸಂಜೆಗೂ ಇರುತ್ತದೆ ಎಂದು ಸಮತೆಯಿಂದ ಭಾವಿಸಿ ಎದ್ದವನು ಬೀಗರ ಮಾತಿಗೆ ಸಿಡುಕುವುದಿಲ್ಲ, ಊಟದ ಪಂಕ್ತಿಯ ಏರುಪೇರಿಗೆ ಕುದಿಯುವುದಿಲ್ಲ. ಧಾರೆಯ ಹೊತ್ತಿನಲ್ಲಿ ಅವನ ಕಣ್ಣು ಮಗಳ ಮುಖದ ಮೇಲೆಯೇ ಇರುತ್ತದೆ. ಆ ದಿನದ ನೆನಪಿಗೆಂದು ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳಲ್ಲಿ ಒಂದನ್ನು, ಬಾಗಿಲಲ್ಲಿ ಫಲಕ ಹಾಕಿಸದೆ ಮಾಡಿದರೆ ಸಂಭ್ರಮವು ಪುಣ್ಯವೂ ಆಗುತ್ತದೆ. ರಾತ್ರಿ ಮಲಗುವ ಮುನ್ನ ಪ್ರತಿಕ್ರಮಣದಲ್ಲಿ, ಗದ್ದಲದ ನಡುವೆ ನೋಯಿಸಿದವರನ್ನು ನೆನೆದು ಕ್ಷಮೆ ಬೇಡಿದರೆ ಬಾಡಿದ ತೋರಣದೊಂದಿಗೆ ಮನಸ್ಸಿನ ಕಸವೂ ಹೊರಹೋಗುತ್ತದೆ.

ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಹನ್ನೆರಡು ವರ್ಷಗಳಿಗೊಮ್ಮೆ ಈ ತತ್ತ್ವವೇ ಕಣ್ಣಿಗೆ ಕಾಣುವಂತೆ ನಡೆಯುತ್ತದೆ. 2018ರ ಮಹಾಮಸ್ತಕಾಭಿಷೇಕವನ್ನು ಕಂಡವರು ಬಲ್ಲರು. ಹಾಲಿನ ಧಾರೆಗೆ ಗೊಮ್ಮಟಮೂರ್ತಿ ಬೆಳ್ಳಗಾಗುತ್ತದೆ; ಅರಿಸಿನಕ್ಕೆ ಹೊಂಬಣ್ಣ ತಾಳುತ್ತದೆ; ಚಂದನಕ್ಕೆ ಕೆಂಪೇರುತ್ತದೆ. ಒಂದೊಂದು ಬಣ್ಣ ಇಳಿದಾಗಲೂ ಬೆಟ್ಟವೆಲ್ಲ ಜಯಘೋಷ. ಯಾವ ಬಣ್ಣವೂ ನಿಲ್ಲುವುದಿಲ್ಲ. ಮುಂದಿನ ಕಲಶ ಹಿಂದಿನದನ್ನು ತೊಳೆದುಬಿಡುತ್ತದೆ. ಬಂದ ಬಣ್ಣಕ್ಕೆ ಆ ಮುಖ ಹಿಗ್ಗುವುದಿಲ್ಲ, ಹೋದ ಬಣ್ಣಕ್ಕೆ ಕುಗ್ಗುವುದಿಲ್ಲ. ಅಣ್ಣನನ್ನು ಗೆದ್ದು ಮೇಲೆತ್ತಿದ ತನ್ನ ಅತಿದೊಡ್ಡ ಗಳಿಗೆಯಲ್ಲಿಯೇ ಗೆಲುವಿನ ಟೊಳ್ಳನ್ನು ಕಂಡು ಎಲ್ಲವನ್ನೂ ಬಿಟ್ಟು ನಡೆದವನ ಮುಖವದು.

ಅಳಿಸಿದ ಜಾಗದಲ್ಲಿ ಹೆಸರು ಬರೆದು ಬಂದ ಭರತನಿಗೂ ಕೊನೆಗೆ ಅದೇ ದಾರಿ ತೆರೆಯಿತು. ಒಂದು ದಿನ ಕನ್ನಡಿಯಲ್ಲಿ ತಲೆಯ ಬಿಳಿಗೂದಲನ್ನು ಕಂಡ ಚಕ್ರವರ್ತಿ ರಾಜ್ಯವನ್ನು ಮಗನಿಗೆ ಒಪ್ಪಿಸಿ ದೀಕ್ಷೆ ಕೈಗೊಂಡನು. ಅಲ್ಪಕಾಲದಲ್ಲಿಯೇ ಕೇವಲಜ್ಞಾನವನ್ನು ಪಡೆದನು. ಗಿರಿಯ ಮೇಲಿನ ಸಾವಿರಾರು ಹೆಸರುಗಳು ಒಮ್ಮೆ ಹೇಳಿದ ಮಾತನ್ನೇ ಒಂದು ನರೆಗೂದಲು ಮತ್ತೊಮ್ಮೆ ಹೇಳಿತು. ಆ ದಿನ ಕನ್ನಡಿಯ ಮುಂದೆ ಅವನು ಆತುರದಲ್ಲಿರಲಿಲ್ಲ. ಅದಕ್ಕೇ ಆ ಮಾತು ಅವನಿಗೆ ಕೇಳಿಸಿತು.